ತೊಯೊಸಬುರೊನ ಕೈತಪ್ಪಿದ ದೋಣಿ

ಯಾನಾಗಾವಾ ಊರಿನ ಕಾಲುವೆಗಳಲ್ಲಿ ದೋಣಿಯವರು ಬೇಕಾದಷ್ಟಿದ್ದಾರೆ. ಆದರೆ ತೊಯೊಸಬುರೊನಂಥವನು ಒಬ್ಬನೇ, ಬರೆದಿಟ್ಟುಕೊಳ್ಳಿ! ಮೀಸೆ ಚಿಗುರುವ ಮೊದಲೇ ದೋಣಿ ನೂಕುವ ಬಿದಿರಿನ ಗಳ ಹಿಡಿದವನು, ಅರವತ್ತು ದಾಟಿದರೂ ಬಿಟ್ಟಿಲ್ಲ. ತಗ್ಗಿನ ಸೇತುವೆ ಬಂತೆಂದರೆ ದೋಣಿ ಅಡಿಯಲ್ಲಿ ತೂರುತ್ತದೆ. ಈ ಮಹಾರಾಯ ಗಳವನ್ನು ದೋಣಿಯಲ್ಲೇ ಬಿಟ್ಟು ಮೇಲಕ್ಕೆ ಹಾರಿ, ಸೇತುವೆ ದಾಟಿ, ಆಚೆ ಕಡೆ ಮತ್ತೆ ದೋಣಿಗೇ ಇಳಿಯುತ್ತಾನೆ. ಅವನು ಹಾಡಿದರೆ, ದಂಡೆಯ ಅಂಗಡಿಗಳಲ್ಲಿ ಹಬೆಯಾಡುವ ಹಾವುಮೀನಿನ ಘಮಕ್ಕೆ ಬಾಯಲ್ಲಿ ನೀರೂರಿಸಿಕೊಂಡು ಕೂತ ಪ್ರವಾಸಿಗರೂ ಹಸಿವು ಮರೆಯುತ್ತಾರೆ.

ಆದರೆ ಆಸಾಮಿ ಮೊಂಡ. ಮಗಳು ನಾಗಿಸಾ ಅವನ ಕೈಯಲ್ಲೇ ಕಲಿತು ದೋಣಿ ನಡೆಸುತ್ತಿದ್ದಳು. ಮದುವೆ ಗೊತ್ತಾದದ್ದೇ ತಡ, "ಇನ್ನು ಗಳ ಮುಟ್ಟಬೇಡ. ಬೀಗರ ಮುಂದೆ ನಮ್ಮ ಮರ್ಯಾದೆ ಏನಾಗ್ಬೇಕು?" ಅಂದುಬಿಟ್ಟ.

"ನನ್ನ ಜೀವಾನೇ ಇದ್ರಲ್ಲಿದೆಯಪ್ಪ," ಎಂದು ಅತ್ತಳು. ಅವನು ಜಗ್ಗಲಿಲ್ಲ.

ಮದುವೆಯ ಬೆಳಿಗ್ಗೆ ವಧುವನ್ನು ದೇಗುಲಕ್ಕೆ ಕರೆದೊಯ್ಯುವುದು ದೋಣಿಯಲ್ಲೇ. ಬಿಳಿ ಕಿಮೊನೊ ಉಟ್ಟ ನಾಗಿಸಾ ತುಟಿ ಬಿಗಿದು ಕೂತಿದ್ದಳು, ಪಕ್ಕದಲ್ಲಿ ತಾಯಿ ತೊಮಿ.

"ಇವತ್ತಾದ್ರೂ ಹಾರ್ಬೇಡ್ರೀ. ಮಂಡಿ ಕೇಳತ್ತಾ?" ಎಂದಳು ತೊಮಿ.

"ಮಗಳ ಮದುವೇಲಿ ಹಾರ್ದೆ ಇನ್ಯಾವಾಗ ಹಾರ್ಲಿ? ಸುಮ್ನಿರೇ!"

ಸೇತುವೆ ಬಂತು, ಹಾರಿದ. ನೋಡಿದರೆ ಸೇತುವೆ ಮೇಲೆ ಅವನಿಗೆ ಕಸುಬು ಕಲಿಸಿದ ಮುದಿ ಗುರು ಉಶಿಜಿಮಾ! ಬಗ್ಗಿ ವಂದಿಸದೆ ದಾಟುವುದುಂಟೆ? ಇವನು ಬಗ್ಗಿದ. ಅವರೂ ಬಗ್ಗಿದರು. ಗುರುಗಳೇ ಬಗ್ಗಿದ ಮೇಲೆ ಇವನು ಇನ್ನೂ ತಗ್ಗಬೇಡವೆ?

"ಮಗಳಿಗೆ ಒಳ್ಳೇದಾಗ್ಲಪ್ಪ."

"ಎಲ್ಲಾ ನಿಮ್ಮ ದಯೆ, ಗುರುಗಳೇ."

ಮತ್ತೊಮ್ಮೆ ಬಗ್ಗಿ ತಲೆ ಎತ್ತುವಷ್ಟರಲ್ಲಿ ದೋಣಿ ಆಚೆಗೆ ಹೊರಟುಹೋಗಿತ್ತು. ಮುಂದೆ ತಿರುವು, ತಿರುವಿನಲ್ಲಿ ಕಲ್ಲುಗೋಡೆ.

"ಅಯ್ಯೋ, ಬಡೀತದೆ!" ತೊಮಿ ಕಿರುಚಿದಳು.

ನಾಗಿಸಾ ಎದ್ದಳು. ಕಿಮೊನೊದ ಉದ್ದ ತೋಳುಗಳನ್ನು ಮೇಲಕ್ಕೆ ಸಿಕ್ಕಿಸಿ ಗಳ ಎತ್ತಿದಳು. ಗೋಡೆಗೊಂದು ಒತ್ತು, ಕಾಲುವೆಯ ತಳಕ್ಕೊಂದು ಒತ್ತು. ಬೆಣ್ಣೆಯಿಂದ ಕೂದಲು ತೆಗೆದಂತೆ ದೋಣಿ ತಿರುಗಿತು. ವಿಲೋ ಮರಗಳಡಿ ನಿಂತ ಜನ ಹೋ ಎಂದು ಚಪ್ಪಾಳೆ ಹೊಡೆದರು.

ಎಂಥ ಕೈ! ತೊಯೊಸಬುರೊನ ಎದೆಯುಬ್ಬಿತು. ಹಿಂದೆಯೇ ನಾಚಿಕೆಯೂ ಆಯಿತು: ಇಂಥ ಕೈಯನ್ನು ಕಟ್ಟಿಹಾಕಲು ಹೊರಟಿದ್ದೆನಲ್ಲ. ಕುಂಟುತ್ತ ದಂಡೆಗುಂಟ ಓಡಿದ. ಮುಂದಿನ ಮೆಟ್ಟಿಲ ಬಳಿ ಮಗಳು ದೋಣಿ ನಿಲ್ಲಿಸಿ, ತಲೆ ತಗ್ಗಿಸಿ ಗಳ ಚಾಚಿದಳು.

"ತಗೋಪ್ಪ."

ಅವನು ತೆಗೆದುಕೊಳ್ಳಲಿಲ್ಲ. ದೋಣಿಗಿಳಿದು ಹೆಂಡತಿಯ ಪಕ್ಕ, ವಧು ಎದ್ದ ಜಾಗದಲ್ಲಿ, ಕಾಲು ಮಡಿಸಿ ಕೂತುಬಿಟ್ಟ.

"ನೀನೇ ನಡೆಸಮ್ಮ," ಅಂದ. "ಬೀಗರೂ ನೋಡ್ಲಿ."