ಕಲ್ಲು ಹೆಕ್ಕಿದವಳ ಹೊಲ

ನಮ್ಮ ಓಡನ್‌ಶ್ಲಾಗ್‌ನಲ್ಲಿ ಯಾವುದಕ್ಕೆ ಬರ ಬಂದರೂ ಕಲ್ಲಿಗೆ ಬರವಿಲ್ಲ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬುತ್ತದೆ, ವಸಂತದಲ್ಲಿ ಸಡಿಲಾಗಿ ಹೊಸ ಕಲ್ಲುಗಳನ್ನು ಮೇಲಕ್ಕೆ ಹಾಕುತ್ತದೆ. ನಾಲ್ಕು ತಲೆಮಾರು ಹೆಕ್ಕಿದ ಹೊಲದಲ್ಲೂ ಈ ವರ್ಷ ತಲೆಗಾತ್ರದ ಕಲ್ಲು ಸಿಕ್ಕೀತು. ಡ್ಯಾನ್ಯೂಬ್ ನದಿಯಿಂದ ಉತ್ತರಕ್ಕೆ, ಬೊಹೀಮಿಯದ ಗಡಿಗೆ ಒಂದೂವರೆ ಗಂಟೆಯ ನಡಿಗೆಯಷ್ಟು ಹತ್ತಿರ, ಎಂಟುನೂರು ಮೀಟರ್ ಎತ್ತರದಲ್ಲಿ ಕೂತಿದ್ದೇವೆ. ಹದಿನೆಂಟು ಚದರ ಕಿಲೋಮೀಟರ್ ನೆಲ, ಅದರಲ್ಲಿ ಅರ್ಧ ಕಾಡು, ಒಂಬೈನೂರ ಚಿಲ್ಲರೆ ಜನ. ಆಲೂಗಡ್ಡೆ, ರೈ, ಅಗಸೆ ಬಿಟ್ಟರೆ ಬೇರೇನೂ ಮರ್ಯಾದೆಯಿಂದ ಬೆಳೆಯುವುದಿಲ್ಲ. ಪಂಚಾಯಿತಿ ಕಚೇರಿಯಲ್ಲಿ ಮೂವತ್ತಾರು ವರ್ಷ ಗುಮಾಸ್ತನಾಗಿದ್ದವನು ನಾನು. ಇದೆಲ್ಲ ನನಗೆ ಬಾಯಿಪಾಠ.

ಶ್ಲಾಗ್ ಎಂದರೆ ಮರ ಕಡಿದ ಜಾಗ. ಏಳುನೂರು ವರ್ಷದ ಹಿಂದೆ ಇಲ್ಲೆಲ್ಲ ಕಾಡೇ ಕಾಡು. ಕಾಸ್ಪರ್ ಎಂಬವನು ಕಡಿದ ಕಡೆ ಕಾಸ್ಪರ್‌ಶ್ಲಾಗ್, ಆರ್ನಾಲ್ಡ್ ಕಡಿದ ಕಡೆ ಆರ್ನಾಲ್ಡ್‌ಶ್ಲಾಗ್. ಆ ಗಂಡಸರು ಯಾರು, ಎಂಥವರು ಎಂದು ಯಾವ ನರಪಿಳ್ಳೆಗೂ ಗೊತ್ತಿಲ್ಲ, ಆದರೂ ಕೊಡಲಿ ಎತ್ತಿದ ಪುಣ್ಯಕ್ಕೆ ಇವತ್ತಿಗೂ ನಕ್ಷೆಯಲ್ಲಿ ಕೂತಿದ್ದಾರೆ. ಕಡಿದ ಮೇಲೆ ಕಲ್ಲು ಹೆಕ್ಕಿದವರು ಹೆಂಗಸರು. ಅವರ ಹೆಸರಿನ ಜಾಗ ನಮ್ಮ ಇಡೀ ಪಂಚಾಯಿತಿಯಲ್ಲಿ ಒಂದೇ ಒಂದಿತ್ತು, ದಿರ್ನಾಕರ್. ಆಕರ್ ಎಂದರೆ ಹೊಲ. ದಿರ್ನ್ ಎಂದರೆ ರೈತನ ಮನೆಯಲ್ಲಿ ಉಳಿದು ದುಡಿಯುವ ಆಳುಹೆಣ್ಣು.

ಆ ಆಳುಹೆಣ್ಣಿನ ಹೆಸರು ಸೆಸಿಲಿಯ ಪಮ್ಮರ್. ಅವಳ ಮಗಳು ಒಟಿಲಿಯಳ ಕತೆಯನ್ನೇ ನಾನು ಹೇಳಹೊರಟದ್ದು.

ಒಟಿಲಿಯಳನ್ನು ಊರೆಲ್ಲ ದಿರ್ನ್ ತಿಲ್ಲಿ ಎನ್ನುತ್ತಿತ್ತು. ನಮ್ಮಲ್ಲಿ ಮನುಷ್ಯನಿಗಿಂತ ಮನೆಯ ಹೆಸರು ಮೊದಲು. ನಾನು ನೇಕಾರರ ಮನೆ ಸೆವೆರಿನ್. ನಮ್ಮ ಮನೆಯಲ್ಲಿ ಮಗ್ಗ ಮುರಿದು ತೊಂಬತ್ತು ವರ್ಷವಾಯಿತು, ಆದರೂ ನೇಕಾರರೇ. ತಿಲ್ಲಿ ಹುಟ್ಟಿದ್ದು ಗ್ರುಬರ್ ಮನೆಯ ದನದ ಕೊಟ್ಟಿಗೆಯ ಮೇಲಿನ ಆಳುಗಳ ಕೋಣೆಯಲ್ಲಿ, ೧೯೪೦ರಲ್ಲಿ, ಅಪ್ಪ ಯಾರೆಂದು ಯಾರೂ ಬರೆಸದೆ. ಅವಳಿಗೆ ಯಾವ ಮನೆಯ ಹೆಸರು ಹಚ್ಚುವುದು? ತಾಯಿಯ ಕೆಲಸವನ್ನೇ ಹಚ್ಚಿದರು.

ಯುದ್ಧ ಮುಗಿದು ರಷ್ಯನ್ನರು ನಮ್ಮ ಸೀಮೆಯಲ್ಲಿ ಕೂತಿದ್ದ ವರ್ಷ ಗ್ರುಬರ್ ಮನೆಯ ಮುದುಕ ಸೆಸಿಲಿಯಳಿಗೆ ಒಂದು ಮಾತು ಕೊಟ್ಟ. ಮನೆಯ ಹಿಂದಿನ ಇಳಿಜಾರಿನಲ್ಲಿ ಕಲ್ಲು ಬಿಟ್ಟರೆ ಮುಳ್ಳು. "ನಿನ್ನ ಬಿಡುವಿನಲ್ಲಿ ಎಷ್ಟು ಕಲ್ಲು ತೆಗೀತೀಯೋ ಅಷ್ಟು ನೆಲ ನಿಂದೇ ಅಂತ ಇಟ್ಕೋ. ಆಲೂಗಡ್ಡೆ ಹಾಕ್ಕೋ" ಎಂದ. ಆಳಿಗೆ ಬಿಡುವು ಎಂದರೆ ಭಾನುವಾರದ ಪೂಜೆ ಮುಗಿದ ಮೇಲಿನ ಹೊತ್ತು ಮಾತ್ರ. ಭಾನುವಾರ ಕೆಲಸ ಮಾಡುವುದು ಪಾಪ. ಬೆಳಿಗ್ಗೆ ಪಾದ್ರಿಯ ಮುಂದೆ ಕೂತು ಹೋದ ವಾರದ ಪಾಪ ಒಪ್ಪಿಕೊಳ್ಳುವುದು, ಮಧ್ಯಾಹ್ನ ಸೊಂಟಕ್ಕೆ ಗೋಣಿ ಕಟ್ಟಿಕೊಂಡು ಮತ್ತೆ ಅದೇ ಪಾಪ. ಆರು ವರ್ಷದ ತಿಲ್ಲಿ ಸಣ್ಣ ಕಲ್ಲುಗಳನ್ನು ಬುಟ್ಟಿಗೆ ಹಾಕುತ್ತಿದ್ದಳು. ಹೀಗೆ ಹನ್ನೊಂದು ವರ್ಷ ನಡೆಯಿತು. ಹೊಲದ ಅಂಚಿಗೆ ಕಲ್ಲಿನ ಗುಡ್ಡೆ ಎದೆಮಟ್ಟ ಬೆಳೆಯಿತು, ಇಳಿಜಾರಿಗೆ ಊರವರ ಬಾಯಲ್ಲಿ ದಿರ್ನಾಕರ್ ಎಂದು ಹೆಸರಾಯಿತು. ಹೊಸದಾಗಿ ಅಳೆಯಲು ಬಂದ ಸರ್ವೆಯವರು ಕೇಳಿದ್ದನ್ನು ಕೇಳಿದ ಹಾಗೆ ನಕ್ಷೆಯಲ್ಲಿ ಬರೆದುಕೊಂಡು ಹೋದರು.

ಹನ್ನೆರಡನೆಯ ವರ್ಷ ಮುದುಕ ತೀರಿಕೊಂಡ. ಮಗ ಟ್ರ್ಯಾಕ್ಟರ್ ತಂದ. ಟ್ರ್ಯಾಕ್ಟರಿಗೆ ಕಲ್ಲಿಲ್ಲದ ನೆಲ ಬೇಕಲ್ಲ! ಕಲ್ಲಿರುವತನಕ ಹೊಲ ದಿರ್ನ್‌ದು, ಕಲ್ಲು ಹೋದಮೇಲೆ ಗ್ರುಬರ್‌ದು. ಸೆಸಿಲಿಯಳ ಕೈಯಲ್ಲಿ ಕಾಗದವಿರಲಿಲ್ಲ. ನಾಲ್ಕು ವರ್ಷದ ಮೇಲೆ ಎದೆಯ ಬೇನೆಯಿಂದ ಸತ್ತಳು. ನಮ್ಮ ಚರ್ಚಿನಂಗಳದಲ್ಲಿ ಸಮಾಧಿಯೂ ಗುತ್ತಿಗೆಯದ್ದೇ. ಹತ್ತು ವರ್ಷಕ್ಕೊಮ್ಮೆ ಹಣ ಕಟ್ಟಿ ಮುಂದುವರಿಸಬೇಕು, ಇಲ್ಲವಾದರೆ ಜಾಗ ಬೇರೆಯವರಿಗೆ. ಆ ಹತ್ತನೆಯ ವರ್ಷ ತಿಲ್ಲಿ ಶ್ವಾಸಕೋಶದ ಕಾಯಿಲೆಯಿಂದ ದೂರದ ಆಸ್ಪತ್ರೆಯಲ್ಲಿ ಹದಿನಾಲ್ಕು ತಿಂಗಳು ಮಲಗಿದ್ದಳು. ಊರಲ್ಲಿ ಯಾರಿಗೂ ನೆನಪಾಗಲಿಲ್ಲ ಎಂದರೆ ನಂಬುವುದು ಕಷ್ಟ, ನೆನಪಿಸಿಕೊಳ್ಳಲಿಲ್ಲ ಅಷ್ಟೇ. ವಾಪಸ್ ಬಂದಾಗ ಅಮ್ಮನ ಮರದ ಶಿಲುಬೆ ಇರಲಿಲ್ಲ, ಆ ಜಾಗದಲ್ಲಿ ಬೇರೆಯವರ ಅಮೃತಶಿಲೆ ಹೊಳೆಯುತ್ತಿತ್ತು.

ಅಲ್ಲಿಗೆ ಸೆಸಿಲಿಯ ಪಮ್ಮರ್ ಎಂಬ ಹೆಂಗಸು ಈ ಭೂಮಿಯ ಮೇಲೆ ಇದ್ದಳೆನ್ನುವುದಕ್ಕೆ ಉಳಿದದ್ದು ಆ ಹೊಲದ ಹೆಸರೊಂದೇ.

ತಿಲ್ಲಿ ಊರ ಶಾಲೆಯಲ್ಲಿ ಅಡುಗೆಯವಳಾಗಿದ್ದಳು. ಮದುವೆಯಾಗಲಿಲ್ಲ. ಹುಳಿ ಹಾಲಿನ ಸೂಪಿಗೆ ಜೀರಿಗೆ ಹಾಕಿ, ಬೆಂದ ಆಲೂಗಡ್ಡೆ ಹಾಕಿ ನಮಗೆಲ್ಲ ಬಡಿಸಿದ ಕೈ ಅವಳದು. ನಾನು ಎರಡನೆಯ ಸಲ ತಟ್ಟೆ ಚಾಚಿದರೆ "ನೇಕಾರ್ರ ಹೊಟ್ಟೇಲಿ ಮಗ್ಗ ಇದ್ಯೇನೋ, ಸೆವಿ? ಹಾಕಿದ್ದೆಲ್ಲ ಎಲ್ಹೋಗುತ್ತೆ?" ಎನ್ನುತ್ತಾ ಹಾಕುತ್ತಿದ್ದಳು. ಬಾಯಿ ಒರಟು, ಸೌಟು ಧಾರಾಳ.

೨೦೧೪ರಲ್ಲಿ ಗ್ರುಬರ್ ಮೊಮ್ಮಗ ದಿರ್ನಾಕರನ್ನು ನಿವೇಶನ ಮಾಡಿ ಮಾರಿದ. ಲಿಂಟ್ಸ್ ನಗರದಲ್ಲಿ ಕೆಲಸ, ಇಲ್ಲಿ ಒಳ್ಳೆ ಗಾಳಿ ಎಂದು ಹನ್ನೊಂದು ಸಂಸಾರಗಳು ಬಂದವು. ಅದೇ ವರ್ಷ ಮೇಲಿನಿಂದ ಆಜ್ಞೆ: ಊರಿನ ಮನೆಗಳಿಗೆ ಬರಿಯ ಸಂಖ್ಯೆ ಸಾಲದು, ಪ್ರತಿ ರಸ್ತೆಗೂ ಹೆಸರು ಬೇಕು. ಇಳಿಜಾರಿನ ರಸ್ತೆಗೆ ನಕ್ಷೆಯಲ್ಲಿದ್ದ ಹೆಸರನ್ನೇ ಬರೆದು ನಾನು ಮನೆಮನೆಗೆ ಕರಡು ಕಳಿಸಿದೆ. ಮೂರನೇ ದಿನಕ್ಕೆ ದೂರು ಬಂತು, ಹನ್ನೊಂದು ಸಹಿ. ಹಳ್ಳಿಯಲ್ಲಿ ದಿರ್ನ್ ಎಂದರೆ ಆಳು. ಪಟ್ಟಣದ ಜರ್ಮನ್‌ನಲ್ಲಿ ಅದೇ ಮಾತಿಗೆ ಸೂಳೆ ಎಂದರ್ಥ.

ದೂರು ತಂದವಳು ಮಾಗಿಸ್ಟ್ರಾ ಪ್ರೊಕೊಪ್. ನಮ್ಮ ದೇಶದಲ್ಲಿ ಓದಿದವರ ಹೆಸರಿಗಿಂತ ಪದವಿ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತದೆ. ಕೆಟ್ಟ ಹೆಂಗಸೇನಲ್ಲ.

"ನೀವೇ ಹೇಳಿ," ಎಂದಳು. "ಫೋನಲ್ಲಿ ವಿಳಾಸ ಹೇಳಿದ್ರೆ ಆ ಕಡೆಯವ್ರು ಕಿಸಕ್ಕಂತ ನಗ್ತಾರೆ. ನನ್ನ ಮಗಳಿಗೆ ಹನ್ನೆರಡು ವರ್ಷ. ನಾಳೆ ಯಾರಾದ್ರೂ ಎಲ್ಲಿದೀಯ ಅಂದ್ರೆ ಅವಳು ಸೂಳೆಹೊಲ ಅನ್ಬೇಕಾ?"

ಸುದ್ದಿ ಕೇಳಿ ಮರುದಿನವೇ ತಿಲ್ಲಿ ಕಚೇರಿಗೆ ಬಂದಳು. ಎಪ್ಪತ್ನಾಲ್ಕು ವರ್ಷ, ಮಂಡಿನೋವಿಗೆ ಕಾಲು ಎಳೆದು ನಡೆಯುತ್ತಿದ್ದಳು. ಕೊಟ್ಟ ಕುರ್ಚಿಯಲ್ಲಿ ಕೂರಲಿಲ್ಲ.

"ಸೆವಿ, ನಾನು ಪಂಚಾಯ್ತಿ ಹತ್ರ ಇವತ್ತಿನವರೆಗೆ ಏನಾದ್ರೂ ಕೇಳಿದೀನೇನೋ?"

"ಇಲ್ಲ."

"ಹೊಲ ಕಿತ್ಕೊಂಡ್ರು, ಕೇಳ್ಲಿಲ್ಲ. ಅಮ್ಮನ್ನ ಮಲಗಿದ್ದ ಕಡೆಯಿಂದ ಎಬ್ಬಿಸಿದ್ರು, ಕೇಳ್ಲಿಲ್ಲ. ಈಗ ಕೇಳ್ತೀನಿ. ಹೆಸರೊಂದು ಇರೋ ಹಾಗೇ ಬಿಡಿ. ಅಷ್ಟೇ."

"ಆದ್ರೆ ಪಟ್ಟಣದೋರಿಗೆ ಆ ಮಾತು..."

"ಅವ್ರ ಮಾತಿನ ಗಲೀಜಿಗೆ ನಮ್ಮಮ್ಮ ಯಾಕೋ ಮುಖ ಮುಚ್ಕೋಬೇಕು? ಒಂದು ಸಲ ಅಧ್ಯಕ್ಷನಿಗೆ ಬಿಡಿಸಿ ಹೇಳು. ನೀನು ಓದಿರೋನು."

ನಾನು ಓದಿರುವವನು. ಅದೇ ಎಡವಟ್ಟಾದದ್ದು.

ಸಭೆಯಲ್ಲಿ ಅಧ್ಯಕ್ಷ ಹೌಡುಮ್ ಗಡಿಯಾರ ನೋಡುತ್ತಲೇ ಇದ್ದ. ಅವನಿಗೆ ರಸ್ತೆಯ ವಿಷಯ ಮುಗಿದರೆ ಸಾಕಿತ್ತು. "ಸೂರ್ಯರಸ್ತೆ ಅಂತ ಇಟ್ಬಿಡೋಣ. ಎಲ್ಲ ಊರಲ್ಲೂ ಒಂದಿದೆ, ಯಾರ ತಕರಾರೂ ಇರಲ್ಲ" ಎಂದ. ಹದಿಮೂರು ಸದಸ್ಯರಲ್ಲಿ ಹತ್ತು ತಲೆ ಹೌದೆಂದು ಅಲ್ಲಾಡಿದವು. ತಿಲ್ಲಿ ಹಿಂದಿನ ಬೆಂಚಿನಲ್ಲಿರಲಿಲ್ಲ. ಮಂಡಿನೋವಿನಿಂದ ಮನೆಯಲ್ಲೇ ಉಳಿದಿದ್ದಳು. ಇದ್ದಿದ್ದರೂ ಸಾರ್ವಜನಿಕರಿಗೆ ಕೂರುವ ಹಕ್ಕು ಮಾತ್ರ, ಬಾಯಿ ಬಿಡುವಂತಿಲ್ಲ. ನಾನೂ ಗುಮಾಸ್ತ, ಕೇಳಿದರೆ ಮಾತ್ರ ಮಾತು. ಸೆಸಿಲಿಯ ಯಾರು, ಹನ್ನೊಂದು ವರ್ಷ ಏನು ಮಾಡಿದಳು, ಗ್ರುಬರ್ ಏನು ಮಾಡಿದ ಎಂದು ಎದ್ದುನಿಂತು ಹೇಳಿಬಿಡಬೇಕಿತ್ತು. ಆದರೆ ಗ್ರುಬರ್ ಮೊಮ್ಮಗ ಸದಸ್ಯನಾಗಿ ನನ್ನೆದುರಿಗೇ ಕೂತಿದ್ದ. ನಿವೃತ್ತಿಗೆ ಎರಡು ವರ್ಷವಿತ್ತು. ಹೇಡಿಗೆ ಹೊಳೆಯುವುದು ಉಪಾಯವೇ ಹೊರತು ಮಾತಲ್ಲ. ನನಗೂ ಒಂದು ಉಪಾಯ ಹೊಳೆಯಿತು.

"ಎರಡೇ ಅಕ್ಷರ ಸೇರಿಸಿದ್ರೆ ಎಲ್ಲರಿಗೂ ಸರಿಹೋಗುತ್ತೆ," ಎಂದೆ. "ದಿರ್ನಾಕರ್ ಬೇಡ. ದಿರ್ನ್‌ಡಲಾಕರ್."

ದಿರ್ನ್‌ಡಲ್ ಎಂದರೆ ಗೊತ್ತಲ್ಲ, ನಮ್ಮ ಹೆಂಗಸರು ಹಬ್ಬಕ್ಕೆ ತೊಡುವ ಲಂಗ, ಕುಪ್ಪಸ, ಮೇಲೊಂದು ರೇಷ್ಮೆಯ ಏಪ್ರನ್. ಹಿಂದೆ ಆಳುಹೆಣ್ಣುಗಳ ಬಟ್ಟೆಯಾಗಿದ್ದದ್ದು, ಈಗ ಪಟ್ಟಣದ ಗರತಿಯರ ಶೃಂಗಾರ. ಸಭೆಯೇ ಅರಳಿತು. ಮಾಗಿಸ್ಟ್ರಾ ಪ್ರೊಕೊಪ್‌ಳ ಗಂಡ ಹಿಂದಿನ ಬೆಂಚಿನಿಂದ ಎದ್ದು ಬಂದು ನನ್ನ ಕೈ ಕುಲುಕಿದ. "ನೇಕಾರ, ನಿನ್ನ ತಲೆ ಇಲ್ಲಿ ಕೊಳೀತಿದೆಯಲ್ಲೋ!" ಎಂದ ಹೌಡುಮ್. ಸರ್ವಾನುಮತದಿಂದ ಪಾಸಾಯಿತು. ನನಗೆ ಒಳಗೊಳಗೇ ಹೆಮ್ಮೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಅಲ್ಲಿಂದ ನೇರ ತಿಲ್ಲಿಯ ಮನೆಗೆ ಹೋದೆ. "ಉಳೀತು, ತಿಲ್ಲಿ. ಹೆಸರು ಉಳೀತು" ಎಂದೆ.

"ಉಳೀತಾ? ದಿಟವಾಗ್ಲೂ?"

"ಒಂಚೂರು ತಿದ್ದಿದ್ದಾರೆ, ಕಾಗದಪತ್ರದ ಶಾಸ್ತ್ರಕ್ಕೆ. ಅದೇನು ದೊಡ್ಡದಲ್ಲ."

ಆ ಕ್ಷಣದಲ್ಲಿ ನಾನದನ್ನು ಸುಳ್ಳೆಂದುಕೊಂಡಿರಲಿಲ್ಲ. ತಿಲ್ಲಿ ಏಪ್ರನ್ನಿನ ತುದಿಯಲ್ಲಿ ಮುಖ ಒರೆಸಿಕೊಂಡಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಗಸಗಸೆ ತುಂಬಿದ ಕಡುಬಿನಂಥ ರೊಟ್ಟಿಯೊಂದನ್ನು ಪೂರ್ತಿಯಾಗಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು. ನಾನು ತಿಂದೆ, ಚೆನ್ನಾಗಿಯೇ ಇತ್ತು.

ರಸ್ತೆಯ ಹೆಸರಿನ ಫಲಕದ ಪರದೆ ತೆರೆಯುವುದನ್ನು ಮೇ ತಿಂಗಳ ಒಂದು ಭಾನುವಾರ ಪೂಜೆಯಾದ ಮೇಲೆ ಇಟ್ಟುಕೊಂಡರು. ಊರಿನ ಹಿರಿಯರೊಬ್ಬರು, ಅಂದರೆ ತಿಲ್ಲಿ, ಹಗ್ಗ ಎಳೆಯಲಿ ಎಂಬುದೂ ನನ್ನದೇ ಸಲಹೆ. ತಿಲ್ಲಿ ತಲೆಗೂದಲು ಸುರುಳಿ ಮಾಡಿಸಿಕೊಂಡು, ಕಪ್ಪು ಕೋಟು ಹಾಕಿಕೊಂಡು, ಅಮ್ಮನ ಜಪಮಾಲೆ ಕೈಗೆ ಸುತ್ತಿಕೊಂಡು ಬಂದಳು. ಹೊಸ ಬಡಾವಣೆಯ ಹೆಂಗಸರೆಲ್ಲ ಹಸಿರು, ಕೆಂಪು ರೇಷ್ಮೆಯ ದಿರ್ನ್‌ಡಲ್ ತೊಟ್ಟು ಸಾಲಾಗಿ ನಿಂತಿದ್ದರು. ವಾದ್ಯದವರು ಕಹಳೆ ಊದಿದರು. ನಾನು ಮಾಡಿದ್ದೇನೆಂದು ಆಗಲೇ ನನಗೆ ಹೊಳೆಯಿತು, ಆದರೆ ಓಡಿಹೋಗಲು ದಾರಿಯಿರಲಿಲ್ಲ.

"ನಮ್ಮ ಅಜ್ಜಿಯಂದಿರು ಇದೇ ಇಳಿಜಾರಿನಲ್ಲಿ ಹಬ್ಬದ ದಿನ ಸುಂದರ ದಿರ್ನ್‌ಡಲ್ ತೊಟ್ಟು ಕುಣಿಯುತ್ತಿದ್ದರಂತೆ," ಎಂದು ಹೌಡುಮ್ ಭಾಷಣದಲ್ಲಿ ಹೇಳಿದ. ಎಲ್ಲಿಂದ ತಂದನೋ, ದೇವರೇ ಬಲ್ಲ. ಚಪ್ಪಾಳೆ ಬಿತ್ತು.

ತಿಲ್ಲಿ ಹಗ್ಗ ಎಳೆದಳು. ಹಸಿರು ಫಲಕ, ಬಿಳಿ ಅಕ್ಷರ, ಮೂಲೆಯಲ್ಲಿ ಲಂಗ ಹರಡಿಕೊಂಡ ಸಣ್ಣ ಬೊಂಬೆಯ ಚಿತ್ರ. ಅವಳು ತುಟಿ ಆಡಿಸುತ್ತಾ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ನನ್ನ ತೋಳು ಹಿಡಿದಳು.

"ಸೆವಿ, ನನ್ನ ಕಣ್ಣು ಸರಿಯಿಲ್ಲ. ಓದು."

"ದಿರ್ನ್‌ಡಲಾಕರ್."

"ಯಾರದು ಈ ಕೆಲಸ?"

"ತಿಲ್ಲಿ, ಅದೂ ದಿರ್ನ್ ಅನ್ನೋದ್ರಿಂದ್ಲೇ ಬಂದಿರೋದು. ಆಳುಗಳು ಉಡ್ತಿದ್ದ ಬಟ್ಟೆ ಅಲ್ವಾ? ಇಲ್ದಿದ್ರೆ ಸೂರ್ಯರಸ್ತೆ ಅಂತ ಇಟ್ಬಿಡ್ತಿದ್ರು. ನಾನೇ ಹೆಂಗೋ ಮಾಡಿ..."

"ನೀನೇ."

"ನಿನಗೋಸ್ಕರ."

ಅವಳು ಆ ರೇಷ್ಮೆಯ ಸಾಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನೋಡಿದಳು. ಧ್ವನಿ ಏರಿಸಲಿಲ್ಲ.

"ನಮ್ಮಮ್ಮ ಗೋಣಿ ಕಟ್ಕೊಂಡು ಕಲ್ಲು ಹೊತ್ತೋಳು ಕಣೋ. ಸೂಳೆ ಅಂತ ನಕ್ಕಿದ್ರೂ ನಗ್ಲಿ ಬಿಡು ಅಂದ್ಕೊಂಡಿದ್ದೆ. ನಕ್ಕೋನಾದ್ರೂ ಯಾರೋ ಒಬ್ಳು ಹೆಂಗ್ಸಿದ್ಲು ಇಲ್ಲಿ ಅಂದ್ಕೋತಿದ್ದ. ಈಗ ನೋಡು, ಅವಳನ್ನ ತೆಗ್ದು ಬಟ್ಟೆ ಮಾತ್ರ ನೇತುಹಾಕಿದ್ದೀರಿ."

ನಾನು ಬಾಯಿ ತೆರೆದೆ. ಪದದ ಮೂಲ, ಅರ್ಥ, ಶತಮಾನ, ನನ್ನಲ್ಲಿ ಎಲ್ಲ ಇತ್ತು. ಅವಳು ನನ್ನ ತೋಳು ಬಿಟ್ಟಳು.

"ನಿಮ್ಮ ಕೆಲಸ ನೀವು ಮಾಡಿದ್ದೀರಿ, ಗುಮಾಸ್ತರೇ. ನಾನಿನ್ನು ಬರ್ತೀನಿ."

ನಮ್ಮ ಬೆಟ್ಟದ ಊರುಗಳಲ್ಲಿ ದೊಡ್ಡವರು ಚಿಕ್ಕವರು ಎಲ್ಲರಿಗೂ ನೀನು ಎನ್ನುತ್ತೇವೆ; ಅಧ್ಯಕ್ಷನಿಗೂ ನೀನು, ಹೊಡೆದಾಡಿದವನಿಗೂ ನೀನು. ನೀವು ಎನ್ನುವುದು ತೆರಿಗೆಯವನಿಗೆ, ಪೊಲೀಸನಿಗೆ, ಹೊರಗಿನವರಿಗೆ. ತಿಲ್ಲಿ ಆಮೇಲೆ ಮೂರು ವರ್ಷ ಬದುಕಿದ್ದಳು. ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಬಸ್ಸಿಗೆ ಕಾಯುವಾಗ, ಸಿಕ್ಕಲ್ಲೆಲ್ಲ ಅವಳೇ ಮೊದಲು ಮಾತಾಡಿಸುತ್ತಿದ್ದಳು, ನಗುಮುಖದಿಂದಲೇ: "ದೇವರು ಒಳ್ಳೇದು ಮಾಡ್ಲಿ, ಗುಮಾಸ್ತರೇ. ನೀವು ಚೆನ್ನಾಗಿದ್ದೀರಾ?"