ಅಳಿಯನಾದ ಆಟಗಾರ

ನಿಜಾಮಶಾಹಿ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಕೆಲವು ವರ್ಷ ಕಳೆದಿದ್ದವು. ನಮ್ಮ ನಿಲಂಗಾದ ವಾಲಿಬಾಲ್ ತಂಡದಲ್ಲಿ ಆರು ಜನರಿದ್ದರೂ ಆಟಗಾರ ಮಾತ್ರ ಒಬ್ಬನೇ. ಉಳಿದ ಐವರು, ನನ್ನನ್ನೂ ಸೇರಿಸಿ, ಅವನ ಕೈಗೆ ಚೆಂಡು ಮುಟ್ಟಿಸುವ ಹಮಾಲರು. ಅವನು ನೆಗೆದು ಹೊಡೆದರೆ ಆಚೆ ಕಡೆಯವರು ಚೆಂಡನ್ನು ಬಿಟ್ಟು ಮುಖ ಕಾಯ್ದುಕೊಳ್ಳುತ್ತಿದ್ದರು.

ಅಂಥವನ ಮೇಲೆ ಉದಗೀರದ ತಂಡದ ಕಣ್ಣು ಬಿತ್ತು. ಅಲ್ಲಿ ರೈಲಿತ್ತು, ಕಾಳುಕಡಿ ವ್ಯಾಪಾರದ ದೊಡ್ಡ ಅಡತಿ ಅಂಗಡಿಗಳಿದ್ದವು. ಚೆನ್ನಾಗಿ ಆಡುವವನಿಗೆ ಸಾಹುಕಾರರು ಅಂಗಡಿಯಲ್ಲೇ ನೌಕರಿ ಕೊಟ್ಟು ಎಳೆದುಕೊಳ್ಳುತ್ತಿದ್ದರು. ನಮ್ಮೂರಲ್ಲಿ ಕೊಡಲಿಕ್ಕೆ ಏನಿತ್ತು? ಬೇಕಾದಷ್ಟು ಧೂಳು, ಬೇಡವಾದಷ್ಟು ಬುದ್ಧಿಮಾತು. ಸಣ್ಣ ಊರಿನ ಹಣೆಬರಹವೇ ಅದು.

ತಂಡದ ಯಜಮಾನ ನಮ್ಮಪ್ಪ. ಆಟದ ನೆಟ್ಟು ನಮ್ಮ ಕಿರಾಣಿ ಅಂಗಡಿಯಲ್ಲೇ ಇರುತ್ತಿತ್ತು. ಅಪ್ಪ ತಲೆ ಓಡಿಸಿದರು.

"ಹುಡುಗ ನಮ್ಮ ಮಂದ್ಯಾಗಿನಂವನೇ ಅದಾನ. ನಮ್ಮ ಹುಡಗೀನ ಕೊಟ್ಟಬಿಡೋಣು. ಮಾವನ ಮನಿ ಇದ್ದೂರಾಗೇ ಇದ್ದರ ಅಂವಾ ಎಲ್ಲಿ ಹೋಗ್ತಾನ?"

ಅಕ್ಕನನ್ನು ಯಾರೂ ಕೇಳಲಿಲ್ಲ. ಎಲ್ಲರಿಗಿಂತ ಮೊದಲು ತಲೆಯಾಡಿಸಿದವನು ನಾನೇ. ಲಗ್ನವಾಯಿತು.

ಎಡವಿದ್ದು ಇಲ್ಲೇ. ಮೊದಲು ಅವನು ಆಟಕ್ಕೆ ತಡವಾಗಿ ಬಂದರೆ ಅಪ್ಪ ಬೈದು ನೀರಿಳಿಸುತ್ತಿದ್ದರು. ಈಗ ಅವನು ಅಳಿಯ. ಬಂದರೆ ಎದ್ದು ಜಾಗ ಬಿಡಬೇಕು, ಕಾಲಿಗೆ ನೀರು ಕೊಡಬೇಕು, ಯಾವ ಮಾತಿಗೂ ಇಲ್ಲ ಅನ್ನಬಾರದು. ಮೂರನೆಯ ತಿಂಗಳು ಹೋಳಿಗೆಯ ತಾಟಿನ ಮುಂದೆ ಕುಳಿತು ಅವನು ಮೆತ್ತಗೆ ಅಂದ, "ಮಾಮಾ, ಉದಗೀರಾಗ ನೌಕರಿ ಕೊಡ್ತೀವಿ ಅಂತಾರ. ನೀವು ಹೂಂ ಅಂದ್ರ ಹೋಗ್ತೀನ್ರಿ."

ಅಪ್ಪ ತುಪ್ಪ ಬಡಿಸುತ್ತ "ಹೋಗಿ ಬರ್ರಿ" ಅಂದರು. ಬೇರೇನು ಅಂದಾರು? ಕೋಲು ಕೊಟ್ಟು ಹೊಡೆಸಿಕೊಂಡೆವು.

ಭಾವ ಅಕ್ಕನನ್ನು ಕರೆದುಕೊಂಡು ಉದಗೀರ ಸೇರಿದ. ಆ ಚಳಿಗಾಲ ಅಲ್ಲೇ, ಅವರ ತಂಡದ ಮೇಲೇ ನಮ್ಮ ಪಂದ್ಯ. ಭಾವ ಹೊಡೆದ ಚೆಂಡುಗಳೆಲ್ಲ ನನ್ನನ್ನೇ ಹುಡುಕಿಕೊಂಡು ಬಂದವು. ಸೋತೆವು. ಅಕ್ಕ ಬುತ್ತಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಬಂದಳು. ನಾನು ಸಿಟ್ಟಿನಲ್ಲಿ ಬುತ್ತಿ ಇಸಿದುಕೊಂಡು, ಬೆನ್ನು ತಿರುಗಿಸಿ ಬಸ್ಸು ಹತ್ತಿದೆ. ಹಾದಿಯುದ್ದಕ್ಕೂ ಅವಳ ರೊಟ್ಟಿ ತಿನ್ನುತ್ತ ಅವಳ ಗಂಡನನ್ನು ಬೈದೆ.

ಮನೆಯಲ್ಲಿ ಅವ್ವ ಸೋಲು ಗೆಲುವು ಕೇಳಲಿಲ್ಲ.

"ಅಕ್ಕ ಹ್ಯಾಂಗ ಅದಾಳೋ? ಸೊರಗ್ಯಾಳೇನು?"

ನಾನು ಅವಳ ಮುಖವನ್ನೇ ನೋಡಿರಲಿಲ್ಲ.

"ಆರಾಮ ಅದಾಳ" ಅಂದೆ.