ಮಣಿಕಟ್ಟಿನವರೆಗಿನ ತೋಳು

ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಕಾಲ ಅದು. ಅರವತ್ತರ ದಶಕದ ಮೊದಲ ವರ್ಷಗಳು. ಮಧ್ಯಾಹ್ನದ ಗಾಳಿಗೆ ಕೆಂಪು ಧೂಳೆದ್ದು ತಾರಸಿಯ ಮೇಲೆ ಒಣಗುತ್ತಿದ್ದ ಸಂಡಿಗೆಯ ಮೇಲೆ ಬಂದು ಕೂರುತ್ತಿತ್ತು. ಕಾಗೆ ಓಡಿಸುವ ಕೆಲಸ ನನ್ನದು. ಆ ಬೇಸಿಗೆಯಲ್ಲಿ ಅಕ್ಕ ವಿಮಲಳ ಮದುವೆ. ಮನೆ ತುಂಬ ಬೆಲ್ಲದ ಪಾಕದ, ಹುರಿದ ಎಳ್ಳಿನ ವಾಸನೆ. ಇಂಥ ಬೇಸಿಗೆ ನಿಮಗೂ ನೆನಪಿರಬಹುದು, ನೆನೆದು ನೀವು ಖುಷಿಪಡಲೂಬಹುದು. ನಾನು ಈಗಲೂ ಆ ವಾಸನೆ ಬಂದರೆ ಕಿಟಕಿ ಮುಚ್ಚುತ್ತೇನೆ.

ನನಗಾಗ ಹದಿನಾಲ್ಕು. ಹಿಂದಿನ ವರ್ಷ ನನ್ನ ಬಲಗೈಯಲ್ಲಿ, ಮಣಿಕಟ್ಟಿನ ಸ್ವಲ್ಪ ಮೇಲೆ, ಚರ್ಮ ಬೆಳ್ಳಗಾಗತೊಡಗಿತ್ತು. ಮೊದಲು ಅವರೆಕಾಳಿನಷ್ಟಿದ್ದದ್ದು ಆಮೇಲೆ ವೀಳ್ಯದೆಲೆಯಷ್ಟಾಯಿತು. ಅದಕ್ಕೆ ಊರೆಲ್ಲ ಹೇಳುವ ಹೆಸರೊಂದಿತ್ತು. ಅಮ್ಮ ಆ ಹೆಸರನ್ನು ಬಾಯಲ್ಲಿ ತರಲೇ ಇಲ್ಲ. ಹುಟ್ಟಿದಾಗಿನಿಂದ ಇದ್ದದ್ದೇನೋ ಎಂಬಂತೆ ‘ಮಚ್ಚೆ’ ಎನ್ನುತ್ತಿದ್ದಳು. ನಾನು ಗೆಳತಿಯರೊಡನೆ ಐದು ಕಲ್ಲು ಆಡುವುದನ್ನು ಬಿಟ್ಟೆ. ಕಲ್ಲು ಎಸೆದು ಹಿಡಿಯುವಾಗ ಎಲ್ಲರ ಕಣ್ಣೂ ಕೈಮೇಲೇ ಇರುತ್ತದೆ.

ನಮ್ಮಲ್ಲಿ ಮದುವೆಯ ಹೊತ್ತು ಹೆಣ್ಣಿನ ಪಕ್ಕದಲ್ಲಿ ಕಳಸ ಹಿಡಿದು ನಿಲ್ಲುವ ತಂಗಿಗೆ ಕಳಸಗಿತ್ತಿ ಎನ್ನುತ್ತಾರೆ. ಅಕ್ಕನಿಗೆ ಇದ್ದವಳು ನಾನೊಬ್ಬಳೇ. ನನ್ನನ್ನು ನಿಲ್ಲಿಸಿದರೆ ಬೀಗರ ಕಣ್ಣಿಗೆ ಕೈ ಬೀಳುತ್ತದೆ, ಮದುವೆ ಮುರಿಯುತ್ತದೆ. ನಿಲ್ಲಿಸದಿದ್ದರೆ ತಂಗಿಯನ್ನೇಕೆ ಬಚ್ಚಿಟ್ಟಿರಿ ಎಂಬ ಪ್ರಶ್ನೆ ಬರುತ್ತದೆ. ಅಮ್ಮ ಇದನ್ನೇ ಯೋಚಿಸಿ ಯೋಚಿಸಿ ಸೊರಗಿದಳು. ಕೊನೆಗೆ ಕೈ ಮುಚ್ಚುವಂಥ ಬಟ್ಟೆ ತೊಡಿಸಿ ನನ್ನನ್ನು ನಿಲ್ಲಿಸುವುದೆಂದು ತೀರ್ಮಾನಿಸಿದಳು.

ಬಟ್ಟೆ ಆರಿಸಲು ಸಿದ್ದಾಪುರದ ಸೋದರತ್ತೆಯೂ ಚಿಕ್ಕಪೇಟೆಗೆ ಬಂದರು. ನನಗೆ ಬುಗ್ಗೆ ತೋಳಿನ ರವಿಕೆಯ ಆಸೆ. ಆ ವರ್ಷ ಎಲ್ಲ ಹುಡುಗಿಯರದೂ ಅದೇ. ಕೇಳುವ ಧೈರ್ಯವಾಗಲಿಲ್ಲ. ಅಂಗಡಿಯವನು ಬಿಚ್ಚಿ ಹಾಸಿದ ವಾಯಿಲನ್ನು ಅತ್ತೆ ಬೆರಳಲ್ಲಿ ಉಜ್ಜಿ ನೋಡಿ, ಬೆವರಿಗೆ ಮೈಗಂಟಿದರೆ ಒಳಗಿರುವುದೆಲ್ಲ ಕಾಣುತ್ತದೆಂದು ಆಚೆ ಸರಿಸಿದರು. ಬಿಳಿ ಬಟ್ಟೆ ಬೇಡ, ನೋಡಿದವರಿಗೆ ಬಿಳುಪೇ ನೆನಪಾಗುತ್ತದೆ ಎಂದರು. ಕಡೆಗೆ ಮಾವಿನ ಚಿಗುರಿನ ಬಣ್ಣದ ರೇಷ್ಮೆ ಲಂಗ, ಅದಕ್ಕೊಪ್ಪುವ ದಾವಣಿ, ತುಂಬುತೋಳಿನ ದಪ್ಪ ರವಿಕೆ ಎಂದಾಯಿತು. ಮೇ ತಿಂಗಳ ಸೆಕೆಯಲ್ಲಿ. ಕನ್ನಡಿಯ ಮುಂದೆ ಬಟ್ಟೆ ಹೊದೆಸಿ ಅತ್ತೆ, ಹುಡುಗಿ ಲಕ್ಷಣವಾಗಿದ್ದಾಳೆ ಎಂದುಬಿಟ್ಟರು. ಆ ವರ್ಷವಿಡೀ ನನ್ನನ್ನು ಯಾರೂ ಹಾಗಂದಿರಲಿಲ್ಲ. ನಿಜಕ್ಕೂ ಚೆನ್ನಾಗಿ ಕಾಣುತ್ತಿದ್ದೆ. ಬಸ್ಸಿನಲ್ಲಿ ಆ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಬಂದೆ.

ದರ್ಜಿಗೆ ಅಮ್ಮ ಮತ್ತೆ ಮತ್ತೆ ಹೇಳಿ ತೋಳನ್ನು ಮಣಿಕಟ್ಟಿಗೆ ಬಿಗಿಯಾಗಿ ಹೊಲಿಸಿ, ಹುಕ್ಕು ಹಾಕಿಸಿದಳು. ಕೈ ಎತ್ತಿಸಿದಳು, ಬಗ್ಗಿಸಿದಳು, ಖಾಲಿ ಚೊಂಬು ಕೊಟ್ಟು ನಿಲ್ಲಿಸಿದಳು. ಎಲ್ಲೂ ಏನೂ ಕಾಣಲಿಲ್ಲ. ಬಳೆಗಾರ ಮನೆಗೆ ಬಂದು ಅಕ್ಕನಿಗೆ ಬಳೆ ತೊಡಿಸಿದ ದಿನ ನನ್ನನ್ನು ಅತ್ತೆಯ ಮನೆಗೆ ಕಳಿಸಿದ್ದಳು. ತೋಳೇ ಮುಚ್ಚಿರುವಾಗ ಬಳೆಯನ್ನು ಯಾರು ನೋಡುತ್ತಾರೆ ಎಂದುಕೊಂಡಳು. ಇಷ್ಟೆಲ್ಲ ಜಾಣತನ ಮಾಡಿದ ಅಮ್ಮ ಎಡವಿದ್ದು ಅಲ್ಲಿ.

ಧಾರೆಯ ಬೆಳಿಗ್ಗೆ ಛತ್ರದಲ್ಲಿ ಗಂಡಿನ ದೊಡ್ಡಮ್ಮ ನನ್ನ ಕೈಗೆ ಕಳಸ ಕೊಡಲು ಬಂದರು. ಒಳ್ಳೆಯ ಹೆಂಗಸು, ಈಗಲೂ ಹಾಗೇ ಅನ್ನುತ್ತೇನೆ. ಗಾಜಿನ ಬಳೆಯ ಸದ್ದಿಲ್ಲದ್ದು ಅವರ ಕಿವಿಗೆ ಗೊತ್ತಾಯಿತು.

“ಬರಿಗೈಲಿ ಕಳಸ ಹಿಡೀಬಾರ್ದಮ್ಮ, ಅಶುಭ,” ಎಂದು ಪ್ರೀತಿಯಿಂದಲೇ ನನ್ನನ್ನು ಬಂದ ಹೆಂಗಸರಿಗೆ ಬಳೆ ತೊಡಿಸಲು ಬಾಗಿಲ ಬಳಿ ಕೂತಿದ್ದ ಬಳೆಗಾರನ ಮುಂದೆ ಕೂರಿಸಿದರು. ಹುಕ್ಕನ್ನೂ ಅವರೇ ಬಿಚ್ಚಿದರು.

ತೋಳು ಮೇಲೇರಿತು. ಬಳೆಗಾರ ನನ್ನ ಕೈ ಬಿಟ್ಟ. ಅಮ್ಮ ಎಲ್ಲಿಂದಲೋ ಓಡಿಬಂದು, ಅದು ಮಚ್ಚೆ, ಹುಟ್ಟುಮಚ್ಚೆ ಎಂದಳು.

“ಇದು ಮಚ್ಚೆ ಅಲ್ಲ ಕಣ್ರೀ, ತೊನ್ನು,” ಎಂದರು ದೊಡ್ಡಮ್ಮ. ದನಿ ಏರಿಸಲಿಲ್ಲ.

ಗಂಡಸರು ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡಿದರು. ಮುಹೂರ್ತ ಮೀರುತ್ತಿತ್ತು. ಮದುವೆ ನಡೆಯಲಿ, ಆದರೆ ಈ ಹುಡುಗಿ ಮಂಟಪಕ್ಕೆ ಬರಕೂಡದು, ಮುಂದೆ ತಮ್ಮ ಮನೆಯ ಹೊಸಲನ್ನೂ ತುಳಿಯಕೂಡದು ಎಂದು ಬೀಗರು ಹೇಳಿದರಂತೆ. ಅಪ್ಪ ಒಪ್ಪಿಕೊಂಡು ಹೊರಗೆ ಬಂದರು, ನನ್ನ ಮುಖ ನೋಡಲಿಲ್ಲ. ಕಳಸವನ್ನು ಅತ್ತೆಯ ಮಗಳು ಹಿಡಿದಳು.

ನನ್ನನ್ನು ಉಗ್ರಾಣದಲ್ಲಿ ತೆಂಗಿನಕಾಯಿ ಚೀಲಗಳ ನಡುವೆ ಕೂರಿಸಿದ್ದರು. ಮಂಟಪಕ್ಕೆ ಹೋಗುವ ಮೊದಲು ಅಕ್ಕ ಅಲ್ಲಿಗೆ ಬಂದಳು. ಅಪ್ಪಿಕೊಳ್ಳುತ್ತಾಳೆ ಎಂದುಕೊಂಡು ನಾನು ಎದ್ದು ನಿಂತೆ. ಅವಳು ಬಾಗಿಲಲ್ಲೇ ನಿಂತಳು.

“ಪದ್ದಿ, ಹೊರಗೆ ಬರ್ಬೇಡ ಕಣೇ. ನಿನ್ನ ಕಾಲಿಗೆ ಬೀಳ್ತೀನಿ.”

ನನಗಿಂತ ದೊಡ್ಡವಳು, ಮದುವಣಗಿತ್ತಿ. ಆ ಮಾತನ್ನು ಅವಳ ಬಾಯಿಂದ ಆಡಿಸಿದವರ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ನಾನು ತಲೆಯಾಡಿಸಿದೆ. ಓಲಗ ಜೋರಾದಾಗ ಅಕ್ಷತೆ ಹಾಕುತ್ತಿದ್ದಾರೆ ಎಂದು ತಿಳಿಯಿತು. ಬೆವರಿ ರವಿಕೆಯೆಲ್ಲ ತೊಯ್ದುಹೋಗಿತ್ತು.

ಆ ಬಿಳುಪು ಮುಂದೆ ಮೊಣಕೈ ದಾಟಲಿಲ್ಲ. ಅದು ಯಾರಿಗೂ ಅಂಟುವುದಿಲ್ಲವೆಂದು ಡಾಕ್ಟರು ಹೇಳುವ ಹೊತ್ತಿಗೆ ಅಕ್ಕನ ಮಕ್ಕಳು ದೊಡ್ಡವರಾಗಿದ್ದರು. ಅವರು ಸಣ್ಣವರಿದ್ದಾಗ, ಹಬ್ಬಕ್ಕೆ ತವರಿಗೆ ಬಂದರೆ ಅವಳು ಅವರನ್ನು ನನ್ನ ಮಡಿಲಿಗೆ ಬಿಡುತ್ತಿರಲಿಲ್ಲ. ಮೊದಮೊದಲು ಅತ್ತೆಮನೆಯ ಭಯ ಎಂದುಕೊಂಡೆ, ಆಮೇಲೆ ಅದು ಅವಳದೇ ಆಗಿಹೋಯಿತು. ಈಗ ನಮ್ಮ ಬೀದಿಯಲ್ಲಿ ತೋಳಿಲ್ಲದ ಬಟ್ಟೆಯ ಹುಡುಗಿಯರು ಆರಾಮವಾಗಿ ಓಡಾಡುತ್ತಾರೆ, ನೋಡಿ ಸಂತೋಷಪಡುತ್ತೇನೆ. ಹೋದ ವರ್ಷ ಅಕ್ಕ ತೀರಿಕೊಂಡಳು. ಅವಳ ಗಂಡನ ಮನೆ ಬಸವನಗುಡಿಯಲ್ಲಿ, ನಡೆದೇ ಹೋಗಿಬರುವ ದೂರ. ಅವಳು ಬದುಕೆಲ್ಲ ಅಡುಗೆ ಮಾಡಿದ ಒಲೆ ಆ ಮನೆಯ ಯಾವ ಮೂಲೆಯಲ್ಲಿತ್ತೋ, ನಾನು ನೋಡಿಲ್ಲ.